ನಿಂಗರಾಜುವಿನ ಬಾಯಿಗೆ ಹಾಕಿದ ಹಕಾರ

ಬೇಯಿಸಿದ ಭತ್ತದ ವಾಸನೆ ಬಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದನ್ನು ಸೈನ್ಯದ ಶಿಸ್ತು ಅಂದುಕೊಂಡು ಯಾರೂ ಮೆಚ್ಚಬೇಡಿ. ಹೊಳೆನರಸೀಪುರದಲ್ಲಿ ನಾನು ಓದಿದ ಕಾಲೇಜಿನ ಮೈದಾನದ ಹಿಂದೆ ಒಂದು ಅಕ್ಕಿ ಗಿರಣಿ ಇದೆ. ಬೆಳಬೆಳಿಗ್ಗೆ ಅದರ ಹಬೆ ಕುಡಿಯುತ್ತಲೇ ನಾವು ಪರೇಡ್ ಕಲಿತದ್ದು. ಮೊನ್ನೆ ರಜೆಯಲ್ಲಿ ಊರಿಗೆ ಬಂದಿದ್ದಾಗ ನಮ್ಮ ಇತಿಹಾಸದ ಗಿರಿಜಾ ಮೇಡಂ ಫೋನ್ ಮಾಡಿದರು. "ಬಿಎ ಮಕ್ಕಳಿಗೆ ಬಂದು ಒಂದಷ್ಟು ಮಾತಾಡೋ. ಬಿಎ ಓದಿದೋರು ಸೈನ್ಯದಲ್ಲಿ ಆಫೀಸರ್ ಆಗೋದು ಹೇಗೆ, ಇಲ್ಲಿ ಓದಿದ್ದು ಅಲ್ಲಿ ಏನಕ್ಕೆ ಬರುತ್ತೆ, ಅಷ್ಟೇ. ನನ್ನನ್ನ ಅಣಕಿಸೋದು ಮಾತ್ರ ಬೇಡ" ಅಂದರು. ಒಪ್ಪಿಕೊಂಡೆ. ಗೇಟು ದಾಟುತ್ತಿದ್ದ ಹಾಗೆ ಗಿರಣಿಯ ಹಬೆ ಮೂಗಿಗೆ ಬಡಿಯಿತು. ಬೆನ್ನು ನೆಟ್ಟಗಾಯಿತು, ಕಣ್ಣು ಮಾತ್ರ ನೆಲ ನೋಡಿತು. ಆ ಮೈದಾನ ಕಂಡರೆ ನನಗೆ ನಿಂಗರಾಜು ನೆನಪಾಗುತ್ತಾನೆ. ನಿಂಗರಾಜು ನೆನಪಾದರೆ, ನನ್ನ ಹೆಗಲ ಮೇಲಿನ ಎರಡು ನಕ್ಷತ್ರಗಳಲ್ಲಿ ಒಂದು ಬೇರೆ ಯಾರದ್ದೋ ಅನ್ನಿಸುತ್ತದೆ.

ನಮ್ಮ ಕೊನೆಯ ವರ್ಷದ ಬಿಎ ಅದು. ಆ ಸಲ ಮಳೆ ಜೋರಾಗಿ ಹಿಡಿದು, ಹೇಮಾವತಿ ದಡದ ತನಕ ಬಂದು ನಿಂತಿದ್ದಳು. ನಮ್ಮ ಮನೆಯಲ್ಲಿ ಗದ್ದೆ, ತೆಂಗಿನ ತೋಟ ಎಲ್ಲಾ ಇತ್ತು. ಹೊಟ್ಟೆಯ ಚಿಂತೆ ಇಲ್ಲದ್ದರಿಂದ ನಾನು ಜನರನ್ನು ನಗಿಸುವ ಚಿಂತೆ ಹಚ್ಚಿಕೊಂಡಿದ್ದೆ. ಪಿಯುಸಿಯಲ್ಲಿ ಗಣಿತ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ್ದಕ್ಕೆ ಬಿಎಗೆ ಬಂದವನು ನಾನು. ಬಿಎ ಅಂದರೆ 'ಬೇರೆ ಆಗಲಿಲ್ಲ' ಅಂತ ನಮ್ಮಪ್ಪ ನೆಂಟರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ "ಅರ್ಕಲ್‌ಗೂಡ್ ಅರ್ಕಲ್‌ಗೂಡ್" ಎಂದು ಮೂಗಿನಲ್ಲೇ ಕೂಗುವ ಕಂಡಕ್ಟರು, ಕೆಮ್ಮದೆ ಮಾತು ಶುರು ಮಾಡಲಾರದ ಪ್ರಿನ್ಸಿಪಾಲರು, ಮದುವೆ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಕೈ ತೊಳೆಯುತ್ತಾ ಅಡುಗೆ ಬೈಯುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಜೊತೆಗೊಂದು ಕೆಟ್ಟ ಅಭ್ಯಾಸ. ಯಾರಾದರೂ ಮಾತಾಡುತ್ತಿದ್ದರೆ ನನ್ನ ತುಟಿ ಸದ್ದಿಲ್ಲದೆ ಅವರ ಮಾತನ್ನೇ ಆಡುತ್ತಿರುತ್ತದೆ. ಪಾಠ ಕೇಳುವಾಗಲೂ ಅಷ್ಟೆ. ಹೊಸಬರು ಇವನು ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು.

ನಿಂಗರಾಜು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವನು, ಹಾಸ್ಟೆಲಿನಲ್ಲಿದ್ದ. ನಮ್ಮ ಕ್ಲಾಸಿನಲ್ಲಿ ಬಿಎಯನ್ನು ಬೇಕು ಅಂತಲೇ ಆರಿಸಿಕೊಂಡು ಬಂದಿದ್ದವನು ಅವನೊಬ್ಬನೇ. ಒಂದು ಸಲ ಅವರ ಮನೆಗೆ ಹೋಗಿದ್ದೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಇವನು ಕೆಡೆಟ್ ಸಮವಸ್ತ್ರದಲ್ಲಿ ನಿಂತ ಫೋಟೊ. ಅವರಮ್ಮ ಶುಂಠಿ ಕೀಳುವ ಕೂಲಿಯಿಂದ ಬಂದು, ಕೈ ಮಣ್ಣು ತೊಳೆಯುವ ಮೊದಲೇ ನನಗೆ ಚಾಪೆ ಹಾಸಿದರು. ವಾಪಸು ಬರುವಾಗ ದಾರಿಯಲ್ಲಿ ಕೇಳಿದೆ, "ಆಫೀಸರೇ ಯಾಕ್ಲಾ ಆಗ್ಬೇಕು? ಮೇಷ್ಟ್ರಾಗು, ಆರಾಮ."

"ನಾನು ಒಳಿಕ್ಕೆ ಬಂದ್ರೆ ಜನ ಎದ್ ನಿಂತ್ಕಬೇಕು ಕಣ್ಲಾ" ಅಂದ. "ನಮ್ಮಪ್ಪ ಇರಾಗಂಟ ಬ್ಯಾರೇರು ಬಂದಾಗ ಎದ್ದಿದ್ದೇ ಆಯ್ತು."

ಅದಕ್ಕೆ ನಾನು ಏನೋ ತಮಾಷೆ ಮಾಡಿದೆ. ಏನು ಅಂತ ನೆನಪಿಲ್ಲ. ನೆನಪಿಲ್ಲದಿರುವುದೇ ಒಳ್ಳೆಯದು.

ಗಿರಿಜಾ ಮೇಡಂ ದಿನಾ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಪಾಠವೂ ಅವರದ್ದೇ, ಕೆಡೆಟ್ ತಂಡದ ಉಸ್ತುವಾರಿಯೂ ಅವರದ್ದೇ. ಸೈನ್ಯಕ್ಕೆ ಬೇಕಾದ್ದು ಮೈದಾನಕ್ಕಿಂತ ಕ್ಲಾಸಿನಲ್ಲೇ ಹೆಚ್ಚು ಸಿಗುತ್ತದೆ ಎಂಬುದು ಅವರ ವಾದ. ಒಂದು ದಿನ ಯಾವುದೋ ಕೋಟೆಯ ಮುತ್ತಿಗೆ ಪಾಠ ಮಾಡುತ್ತಿದ್ದರು. ಹೊರಗೆ ಮಳೆ. ಸೋಲಿಗೆ ಕಾರಣಗಳನ್ನು ನಾವು ಗೈಡಿನಲ್ಲಿದ್ದ ಹಾಗೆ ಒಪ್ಪಿಸಿದೆವು. ಮೇಡಂ ಪುಸ್ತಕ ಮುಚ್ಚಿದರು.

"ರಾಜಂದು ಆಯ್ತು. ಸೋತ ದಂಡಿನಲ್ಲಿ ಮದ್ದುಗುಂಡು ಹೊರೋ ಎತ್ತಿನ ಗಾಡಿಯವನು ಅವತ್ತು ಬೆಳಿಗ್ಗೆ ಏನು ಅಂದ್ಕೊಂಡ? ಮಧು, ನೀನೇ ಗಾಡಿಯವನು. ಎದ್ದು ಮಾತಾಡು."

ನನಗೆ ಹಬ್ಬ. ಗಂಟಲು ಒಡೆದುಕೊಂಡು, ಕೈಯಲ್ಲಿ ಚಾಟಿ ಬೀಸಿ, "ಹೋಯ್ ಹೋಯ್" ಅಂತ ಕ್ಲಾಸನ್ನೇ ಗಾಡಿಗೆ ಕಟ್ಟಿ ಎಳೆದೆ. ಎಲ್ಲರೂ ಬಿದ್ದು ನಕ್ಕರು. ಮೇಡಂ ನಗಲಿಲ್ಲ.

"ದನಿ ಚೆನ್ನಾಗಿದೆ. ಗಾಡಿಯವನು ಎಲ್ಲಿ? ಅವನಿಗೆ ಏನು ಭಯ?"

ನಿಂಗರಾಜು ಎದ್ದ. "ಮೇಡಂ, ಅವ್ನಿಗೆ ಎತ್ತಿಂದೇ ಬಯ. ದಂಡು ಸೋತ್ರೆ ರಾಜಂಗೆ ರಾಜ್ಯ ಓಯ್ತದೆ, ಇವ್ನಿಗೆ ಎತ್ತು ಓಯ್ತದೆ. ರಾಜ ಇನ್ನೊಂದು ದಂಡು ಕಟ್ಟಾನು, ಇವ್ನು ಇನ್ನೊಂದು ಜೊತೆ ಎತ್ತು ಎಲ್ಲಿಂದ ತಂದಾನು? ಅದ್ಕೇ ಅರ್ದ ದಾರೀಲೇ ಗಾಡಿ ತಿರುಗ್ಸಿರ್ತಾನೆ."

"ನಾಳೆ ನಿಮ್ಮಲ್ಲಿ ಯಾರ ಕೈಕೆಳಗಾದರೂ ಜನ ಇದ್ದರೆ" ಅಂದರು ಮೇಡಂ, "ಆಜ್ಞೆ ಕೊಡೋ ಮುಂಚೆ ಇದನ್ನ ಕೇಳ್ಕೊಳ್ಳಿ. ಎದುರಿಗೆ ನಿಂತೋನಿಗೆ ಏನು ಹೋಗುತ್ತೆ ಅಂತ." ನನ್ನ ತುಟಿ ಆಗಲೇ ನಿಂಗರಾಜುವಿನ ಮಾತನ್ನು ಹೇಳಿಕೊಳ್ಳುತ್ತಿತ್ತು. ನನಗೆ ಹಿಡಿಸಿದ್ದು ಅದರ ಅರ್ಥವಲ್ಲ, "ಎತ್ತು ಓಯ್ತದೆ" ಅನ್ನುವ ಆ ಎಳೆತ.

ಮಳೆ ಹೋಗಿ ಚಳಿ ಬಂತು. ಅವರೆಕಾಯಿ ಕಾಲ. ಮೈದಾನದಲ್ಲಿ ಮಂಜು ಎಷ್ಟಿರುತ್ತಿತ್ತೆಂದರೆ ಮುಂದಿನ ಸಾಲಿನವನ ಬೆನ್ನು ಮಾತ್ರ ಕಾಣುತ್ತಿತ್ತು. ಪರೇಡಿಗೆ ನಿಂಗರಾಜು ಕಮಾಂಡರ್. ನಿಲ್ಲಿಸುವ ಆಜ್ಞೆ 'ಥಮ್'; ಅವನ ಬಾಯಲ್ಲಿ ಅದು 'ತಮ್'. ಆದರೆ ಆ ತಮ್ ಹೊಟ್ಟೆಯ ಆಳದಿಂದ ಎದ್ದು ಗಿರಣಿಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಹಿಂದಿನ ಸಾಲಿನಿಂದ, ಮಂಜಿನೊಳಗಿಂದ, ಅವನದೇ ದನಿಯಲ್ಲಿ "ತಮ್" ಅಂದೆ. ಇಡೀ ಸಾಲು ಕೀಲಿ ತಿರುಗಿಸಿದಂತೆ ನಿಂತಿತು. ಆಜ್ಞೆ ಕೊಡದೆ ಇದ್ದ ನಿಂಗರಾಜು ಮಾತ್ರ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದ. ಮೊದಲು ನಕ್ಕವನು ಅವನೇ.

ಮೇಡಂ ನನ್ನನ್ನು ಮೈದಾನ ಸುತ್ತಿಸಿದರು. ಏದುಸಿರು ಬಿಡುತ್ತಾ ಬಂದು ನಿಂತಾಗ, "ನಿನ್ನ ಗಂಟಲಿಗೆ ನಿಂತರು ಅಂತ ಬೀಗಬೇಡ. ಅದು ಅವನು ಹೇಳಿದ್ದು ಅಂದ್ಕೊಂಡು ನಿಂತರು" ಅಂದರು.

ನಿಂಗರಾಜು ಅರ್ಜಿ ಹಾಕಿದ ಅಂತ ಜೊತೆಗೆ ನಾನೂ ಹಾಕಿದ್ದೆ; ಸಂಕ್ರಾಂತಿ ಕಳೆದ ಮೇಲೆ ಇಬ್ಬರಿಗೂ ಸೈನ್ಯದ ಆಫೀಸರ್ ಆಯ್ಕೆಗೆ ಬೆಂಗಳೂರಿನಿಂದ ಕರೆ ಬಂತು. ಐದು ದಿನದ ಆಯ್ಕೆ. ಕತೆ ಬರೆಸುತ್ತಾರೆ, ಭಾಷಣ ಮಾಡಿಸುತ್ತಾರೆ, ಗೋಡೆ ಹತ್ತಿಸುತ್ತಾರೆ, ಸಂದರ್ಶನ ಮಾಡುತ್ತಾರೆ. ನಿಂಗರಾಜುವಿಗೆ ಯಾವುದರ ಭಯವೂ ಇರಲಿಲ್ಲ, ಒಂದು ಬಿಟ್ಟು. ಹಾಸ್ಟೆಲಿನ ಕಟ್ಟೆಯ ಮೇಲೆ ಕೂತು ಕೇಳಿದ, "ನನ್ ಮಾತ್ ಕೇಳಿ ನಗ್ತಾರೇನ್ಲಾ?"

ಆಗ ನಾನು 'ಇಲ್ಲ' ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. "ಯಾವ ಊರು ಅಂತ ಕೇಳ್ತಾರೆ. ನೀನು 'ಆಸನ' ಅಂತೀಯ. ಪಾಪ, ಕೂತ್ಕೋಬೇಕೇನೋ ಅಂತ ಕುರ್ಚಿ ತಂದ್ಕೊಡ್ತಾರೆ" ಅಂದೆ. ಸುತ್ತ ಇದ್ದ ಹುಡುಗರೆಲ್ಲ ಹೋ ಎಂದು ನಕ್ಕರು. ಅವನೂ ನಕ್ಕ. ಮಾರನೆಯ ದಿನ ತಾನಾಗಿ ಬಂದು, "ಅದೇನ್ ಹೇಳ್ಕೊಡ್ಲಾ" ಅಂದ.

ಶುರುವಾಯಿತು ನನ್ನ ಹಕಾರದ ಪಾಠಶಾಲೆ. ಅಂಗೈ ಬಾಯಿಯ ಮುಂದೆ ಹಿಡಿ, ಉಸಿರು ಕೈಗೆ ಬಡಿದರೆ ಅದು ಹಕಾರ, ಬಡಿಯದಿದ್ದರೆ ಮಲ್ಲಿಪಟ್ಟಣ. ಹಾಸನ, ಹೇಮಾವತಿ, ಹೊಳೆ, ಹಾಲು, ಹಣ್ಣು. ನಮ್ಮ ಮನೆಯಲ್ಲಿ ಅಜ್ಜಿ ಇಂದಿಗೂ 'ಆಲು, ಅಣ್ಣು' ಅಂತಲೇ ಹೇಳುತ್ತಾರೆ. ಅಪ್ಪ ಸಿಟ್ಟು ಬಂದರೆ 'ಓಗಲೇ' ಅಂತಾರೆ. ಹಾಸನದ ಕಾನ್ವೆಂಟಿಗೆ ಫೀಸು ಕಟ್ಟಿ ನನ್ನ ಬಾಯಿಗೆ ಹಕಾರ ಹಾಕಿಸಿದ್ದು, ಅಷ್ಟೆ. ಅಜ್ಜಿಯ ಮಾತಿಗೆ ನಾನು ಯಾವತ್ತೂ ಪಾಠಶಾಲೆ ತೆರೆಯಲಿಲ್ಲ. ಊರಿಗೆ ಊರೇ ಹಾಗೆ ಮಾತಾಡುವಾಗ ನಗುವುದಕ್ಕೆ ನಿಂಗರಾಜು ಒಬ್ಬನೇ ಯಾಕೆ ಸಿಕ್ಕಿದ ಅನ್ನುವುದನ್ನು ನಾನು ಆ ವರ್ಷ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದೆ, ಬಾಯಿಗೆ ಬರುವುದಿಲ್ಲ.

ನಿಂಗರಾಜು ಯಾವ ಕೆಲಸ ಹಿಡಿದರೂ ಪೂರ್ತಿ ಮಾಡುವವನು. ಹಕಾರವನ್ನೂ ಹಾಗೇ ಹಿಡಿದ. ಇರಬೇಕಾದ ಕಡೆ ಬಂತು, ಇರಬಾರದ ಕಡೆಯೂ ಬಂತು. ಆರ್ಮಿ 'ಹಾರ್ಮಿ' ಆಯಿತು. ಒಂದು ಸಂಜೆ ಎಲ್ಲರ ಮುಂದೆ "ನಾನು ಹಾಫೀಸರ್ ಆಗೇ ಆಯ್ತೀನಿ" ಅಂದ. ನಾನು ಬಿಟ್ಟೇನೆಯೇ? "ಏನು, ಹಾಫ್ ಸಾರಾ? ಅರ್ಧ ಸಾರು! ಇನ್ನರ್ಧ ಯಾವಾಗಪ್ಪ?" ಅಂದೆ. ಅವತ್ತಿನಿಂದ ಅವನ ಹೆಸರು ಹಾಫ್ ಸಾರ್. ನಾನು ಅವನ ಹಾಗೆ ಎದೆ ಉಬ್ಬಿಸಿ ನಿಂತು 'ಹಾಫೀಸರ್' ಅನ್ನುವ ವಿಡಿಯೋ ಕ್ಲಾಸಿನ ಗ್ರೂಪಿಗೆ ಹೋಯಿತು. ಅಲ್ಲಿಂದ ಯಾರ ಯಾರ ಫೋನಿಗೋ ಹಾರಿ ಮಲ್ಲಿಪಟ್ಟಣವನ್ನೂ ಮುಟ್ಟಿತು. ಅವರಮ್ಮ ನೋಡಿ, "ನನ್ ಮಗನ್ ಸ್ನೇಯಿತ ಎಷ್ಟ್ ಚೆಂದಾಗ್ ಮಾಡ್ತಾನೆ, ಥೇಟ್ ಇವ್ನಂಗೇ" ಅಂತ ಖುಷಿಪಟ್ಟರಂತೆ. ನಿಂಗರಾಜುವೇ ನನಗೆ ಇದನ್ನು ಹೇಳಿದ. ಹೇಳಿ ನಕ್ಕ. ಆ ನಗುವಿನ ಕೊನೆ ಸ್ವಲ್ಪ ಬೇಗ ಬಂತು.

ಬೆಂಗಳೂರಿನಲ್ಲಿ ಮೊದಲ ದಿನ ಅರ್ಧಕ್ಕಿಂತ ಹೆಚ್ಚು ಜನರನ್ನು ವಾಪಸು ಕಳಿಸಿದರು. ನಾವಿಬ್ಬರೂ ಉಳಿದೆವು; ಒಂದೇ ಗುಂಪಿನಲ್ಲಿ. ಅಂಗಿಯ ಎದೆಗೂ ಬೆನ್ನಿಗೂ ನಂಬರು. ಹಲಗೆ, ಹಗ್ಗ ಕೊಟ್ಟು ಹಳ್ಳ ದಾಟಿಸುವ ಕೆಲಸದಲ್ಲಿ ನಿಂಗರಾಜುವನ್ನು ನೋಡಬೇಕಿತ್ತು. ದೊಡ್ಡ ಶಾಲೆಗಳಲ್ಲಿ ಓದಿದ ಹುಡುಗರೆಲ್ಲ ಒಟ್ಟಿಗೆ ಕೂಗಾಡುತ್ತಿದ್ದಾಗ ಇವನು ಹಲಗೆಯ ತುದಿ ಒತ್ತಿ ಹಿಡಿದು, ಹೆದರಿ ನಿಂತಿದ್ದವನ ಕಡೆ ಒಂದು ಸಲ ನೋಡಿ, ಕೈ ಚಾಚಿದ. ಅವನು ದಾಟಿದ. ಎಲ್ಲರೂ ದಾಟಿದರು. ಮಾತೇ ಇಲ್ಲ. ಮಾತು ಬೇಕಿಲ್ಲದ ಕಡೆಯೆಲ್ಲ ಅವನೇ ಆಫೀಸರ್.

ಆಮೇಲೆ ಭಾಷಣ ಬಂತು. ಚೀಟಿ ಎತ್ತಬೇಕು, ಅದರಲ್ಲಿರುವ ವಿಷಯಗಳಲ್ಲಿ ಒಂದನ್ನು ಆರಿಸಿ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಗುಂಪಿನ ಉಳಿದವರು ಅರ್ಧಚಂದ್ರಾಕಾರವಾಗಿ ಕೂತು ಕೇಳಬೇಕು. ಅವನು ಆರಿಸಿಕೊಂಡದ್ದು ಪ್ರಾಮಾಣಿಕತೆ. 'ಆನೆಸ್ಟಿ'. ಇಂಗ್ಲಿಷಿನವರೇ ಹಕಾರ ಬರೆದು, ಬಾಯಲ್ಲಿ ಬಿಟ್ಟುಬಿಡುವ ಪದ. ನಿಂಗರಾಜು ಹುಟ್ಟಿನಿಂದಲೇ ಸರಿಯಾಗಿ ಹೇಳುತ್ತಿದ್ದ ಪದ. ಅವನು ಬಂದು ನೆಟ್ಟಗೆ ನಿಂತ, ಅಂಗೈಯನ್ನು ಒಮ್ಮೆ ಬಾಯಿಯ ಹತ್ತಿರಕ್ಕೆ ಎತ್ತಿ ಇಳಿಸಿದ, ಬಲವಾಗಿ ಉಸಿರು ಬಿಟ್ಟು "ಹಾನೆಸ್ಟಿ" ಅಂದ.

ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅಲ್ಲಿದ್ದ ಅಧಿಕಾರಿ ತಲೆಯೂ ಎತ್ತಲಿಲ್ಲ. ಆದರೆ ನಿಂಗರಾಜು ಏನೋ ತಪ್ಪಾಯಿತೆಂದು ಅನುಮಾನಪಟ್ಟು ನನ್ನ ಮುಖ ನೋಡಿದ. ಅವನಿಗೆ ಕಲಿಸಿದವನು ನಾನಲ್ಲವೇ. ನನ್ನ ದರಿದ್ರ ತುಟಿ, ಅಭ್ಯಾಸಬಲದಿಂದ, ಸದ್ದಿಲ್ಲದೆ ಆಡುತ್ತಿತ್ತು. ಹಾ, ನೆ, ಸ್ಟಿ. ಅವನು ಅದನ್ನು ಕಂಡ.

ಮುಂದಿನ ಮಾತು ಅವನ ಬಾಯಿಗೆ ಬರಲಿಲ್ಲ. ಕೈ ಹಿಂದೆ ಕಟ್ಟಿ, ಎದೆ ಮುಂದೆ ಮಾಡಿ, ಕಣ್ಣು ಮಿಟುಕಿಸದೆ ನಿಂತೇ ಇದ್ದ. ನಾನು ಬಾಯಿ ಮುಚ್ಚಿ ಕೈಯಲ್ಲಿ ತುಟಿ ಒತ್ತಿ ಹಿಡಿದೆ. ಅದು ಅವನಿಗೆ ನಗು ತಡೆದುಕೊಂಡ ಹಾಗೆ ಕಂಡಿರಬೇಕು. ಗಂಟೆ ಹೊಡೆಯಿತು. "ಥ್ಯಾಂಕ್ಯೂ ಸಾ" ಅಂದು ಬಂದು ಕೂತ.

ಅದೇ ದಿನ ಮಧ್ಯಾಹ್ನ ನನ್ನ ಸಂದರ್ಶನ. ಬಿಳಿ ಮೀಸೆಯ ಅಧಿಕಾರಿ ಕೇಳಿದರು, "ಬಿಎ ಯಾಕೆ ಓದಿದೆ? ಬೇರೆ ಸೀಟು ಸಿಗಲಿಲ್ಲವೆ?" ಸಿಗಲಿಲ್ಲ ಅಂದೆ. ಅವರು ನಕ್ಕರು. "ಆ ಓದಿನಿಂದ ಸೈನ್ಯಕ್ಕೆ ಏನು ತರುತ್ತೀ?" ಅಂದರು. ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಗಂಟಲಲ್ಲಿ ಇತ್ತು. ಸೋತ ದಂಡಿನ ಗಾಡಿಯವನು, ಅವನ ಎತ್ತು, ರಾಜನಿಗೆ ಹೋಗುವುದು ಏನು, ಇವನಿಗೆ ಹೋಗುವುದು ಏನು, ಆಜ್ಞೆ ಕೊಡುವವನು ಮೊದಲು ಏನು ಕೇಳಿಕೊಳ್ಳಬೇಕು, ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ನಿಂಗರಾಜು ನಿಲ್ಲಿಸಿದ ಕಡೆಗಳಲ್ಲೇ ನಿಲ್ಲಿಸಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಎದುರಿಗೆ ನಿಂತವನಿಗೆ ಏನು ಹೋಗುತ್ತದೆ ಎಂದು ಕೇಳಿಕೊಳ್ಳಬೇಕು ಅಂತ ನಾನು ಅಷ್ಟು ಚೆನ್ನಾಗಿ ವಿವರಿಸುತ್ತಿದ್ದಾಗ, ಹೊರಗಿನ ಬೆಂಚಿನಲ್ಲಿ ನಿಂಗರಾಜು ತನ್ನ ಸರದಿಗೆ ಕಾಯುತ್ತಾ ಕೂತಿದ್ದ.

ಕೊನೆಯ ದಿನ ನಂಬರು ಕೂಗಿದರು. ನನ್ನದು ಬಂತು, ಅವನದು ಬರಲಿಲ್ಲ. ಅಭಿನಂದನೆಯ ಮೊದಲ ಏಟು ನನ್ನ ಬೆನ್ನಿಗೆ ಬಿದ್ದದ್ದು ಅವನ ಕೈಯಿಂದಲೇ. ಬಸ್ಸಿನಲ್ಲಿ ಗಾಡಿಯವನ ವಿಷಯ ಹೇಳಿದೆ. "ನಿನ್ ಮಾತ್ನೇ ಏಳ್ಬುಟ್ಟೆ ಕಣ್ಲಾ" ಅಂದೆ. ನನಗೇ ಗೊತ್ತಿಲ್ಲದೆ ಅವನ ಭಾಷೆ ಬಂದುಬಿಟ್ಟಿತ್ತು. ಅವನು ಕಿಟಕಿಯಾಚೆ ನೋಡುತ್ತಾ, "ಒಳ್ಳೇದಾಯ್ತು ಬುಡು. ಯಾರಾದ್ರೂ ಹೇಳ್ಬೇಕಿತ್ತು" ಅಂದ. 'ಏಳ್ಬೇಕಿತ್ತು' ಅನ್ನಲಿಲ್ಲ. 'ಹೇಳ್ಬೇಕಿತ್ತು' ಅಂದ. ನಾನು ಕಲಿಸಿದ್ದು ಅವನಿಗೆ ಪೂರ್ತಿ ಬಂದಿತ್ತು.

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಮೇಡಂ ಕಾಯುತ್ತಿದ್ದರು. ಕಿಟಕಿಯ ಕೆಳಗೆ ನಿಂತು ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು. ನಾನು ಬಾಯಿ ತೆಗೆಯುವ ಮೊದಲೇ ನಿಂಗರಾಜು, "ಮೇಡಂ, ಇವ್ನು ಆದ!" ಎಂದು ಕೂಗಿದ. ಮೇಡಂ "ಸಂತೋಷ ಕಣೋ" ಅಂತ ನನ್ನ ಕೈ ಹಿಡಿದರು. ಆದರೆ ಅವರ ಕಣ್ಣು ಅವನ ಮೇಲೇ ಇತ್ತು. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದರು.

ತರಬೇತಿಯಲ್ಲಿ ನನ್ನ ಪರೇಡ್ ದನಿಗೆ ಶಹಬ್ಬಾಸ್ ಸಿಕ್ಕಿತು. ಎಲ್ಲಿ ಕಲಿತೆ ಅಂತ ಕೇಳಿದರೆ ಊರಿನಲ್ಲಿ ಅಂತಿದ್ದೆ. ಇವತ್ತಿಗೂ ನನ್ನ ಜವಾನರು ನಿಲ್ಲುವುದು ನಿಂಗರಾಜುವಿನ ಗಂಟಲಿಗೆ. ಅವನು ಹಾಸನದಲ್ಲಿ ಎಂಎ ಮುಗಿಸಿ, ನಮ್ಮ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕನಾಗಿ ಸೇರಿದ. ಪ್ರತಿ ರಜೆಗೆ ಬಂದಾಗಲೂ ನಾನು ಅವನ ಹಿಂದೆ ಬೀಳುತ್ತಿದ್ದೆ, ಇನ್ನೊಂದು ಸಲ ಬರಿ, ವಯಸ್ಸು ಇನ್ನೂ ಇದೆ ಅಂತ. ಅರ್ಜಿಯ ಲಿಂಕು ಕಳಿಸಿದರೆ ಅವನಿಂದ ಕೈ ಮುಗಿದ ಚಿತ್ರ ಬರುತ್ತಿತ್ತು. ಈ ಸಲದ್ದು ತಪ್ಪಿದರೆ ವಯಸ್ಸು ಮುಗಿಯಿತು. ಅರ್ಜಿಗೆ ಉಳಿದದ್ದು ಒಂದೆರಡು ದಿನ.

ಅದಕ್ಕೇ ಮೊನ್ನೆ ಭಾಷಣಕ್ಕೆ ಮೊದಲು ಸ್ಟಾಫ್ ರೂಮಿನ ಹೊರಗೆ ಅವನನ್ನು ಹಿಡಿದುಕೊಂಡೆ. "ನಾನೇ ತುಂಬ್ತೀನಿ ಕಣ್ಲಾ, ನೀನು ಬರೀ ಹೂಂ ಅನ್ನು."

"ಯಾಕ್ಲಾ ಇಷ್ಟ್ ಅರ್ಜೆಂಟು ನಿಂಗೆ?"

"ನೀನು ಆಗ್ಬೇಕಿತ್ತು."

"ನಂಗೆ ಈಗ ಬ್ಯಾಡ. ನಿನ್ ಎದೆ ಅಗುರ ಮಾಡಾಕೆ ನಾನ್ ಪರೀಕ್ಷೆ ಬರೀಬೇಕಾ?" ಅಂದ. ನಗುತ್ತಲೇ ಅಂದ.

ಸಭಾಂಗಣದಲ್ಲಿ ನನ್ನನ್ನು ಪರಿಚಯಿಸಿದ್ದು ಅವನೇ. "ಇವರು ಮಧು. ನಮ್ಮ ಕ್ಲಾಸಿನ ಕೊನೇ ಬೆಂಚು, ಈಗ ಲೆಫ್ಟಿನೆಂಟು. ಇವರಿಗೇ ಆಯ್ತು ಅಂದ್ಮೇಲೆ ನಿಮಗ್ಯಾಕೆ ಆಗಲ್ಲ ಅನ್ನೋ ಧೈರ್ಯ ಬರಲಿ ಅಂತ ಕರೆಸಿದ್ದೀವಿ." ಮಕ್ಕಳು ನಕ್ಕರು. ಮೈಕಿನಲ್ಲಿ ಅವನು ಚೆನ್ನಾಗಿ ಮಾತಾಡುತ್ತಾನೆ. ಪ್ರತಿ ಹಕಾರದ ಮುಂದೆ ಮಾತ್ರ ಅರೆಕ್ಷಣ ತಡೆಯುತ್ತಾನೆ, ಕೆಸರಿನಲ್ಲಿ ಕಾಲಿಡುವ ಮೊದಲು ನೋಡುವವರ ಹಾಗೆ. ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ನಾನು ಎದ್ದು ನಮಸ್ಕಾರ ಹೇಳುವಷ್ಟರಲ್ಲಿ ದುದ್ದದ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸಾ, ನೀವೂ ನಮ್ ನಿಂಗ್‌ರಾಜ್ ಸಾರೂ ಒಟ್ಟಿಗೇ ಇಂಟ್ರವ್ಯೂಗೆ ಓಗಿದ್ರಂತೆ. ಒಂದೇ ಬಿಎ, ಒಂದೇ ಮೇಡಂ. ನೀವು ಆದ್ರಿ, ನಮ್ ಸಾರ್ ಯಾಕ್ ಆಗ್ಲಿಲ್ಲ?"

ಮುಂದಿನ ಸಾಲಿನಲ್ಲಿ ಗಿರಿಜಾ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ನಾನು ಮೈಕು ಹಿಡಿದೆ. "ಅದಕ್ಕೆ ಕಾರಣ ನಾನು. ನಿಮ್ಮ ಸರ್‌ನ ನಾನು—"

"ಏಯ್, ಸಾಕ್ ಸುಮ್ನಿರ್ಲಾ!"

ಮೈಕಿಲ್ಲದ ದನಿ, ಹಿಂದಿನ ಗೋಡೆಗೆ ಬಡಿದು ಬಂತು. ನಿಂಗರಾಜು ಎದ್ದು ನಿಂತಿದ್ದ. "ಗೆದ್ದಿದ್ದು ನಿಂದು, ತಗಂಡೋಗು. ಸೋತಿದ್ದು ನಂದು ಕಣ್ಲಾ. ಅದ್ನೂ ನಿಂದು ಮಾಡ್ಕಬ್ಯಾಡ."

ಮಕ್ಕಳು ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕರು. ಅವನು ಆ ಹುಡುಗಿಯ ಕಡೆ ತಿರುಗಿದ. "ಅವತ್ತು ನಾನು ನಡುವೆ ಮಾತು ನಿಲ್ಲಿಸ್ದೆ ಕಣಮ್ಮ. ನಿಲ್ಲಿಸ್ಬಾರ್ದಿತ್ತು. ನಿಲ್ಲಿಸ್ದಂಗೆ ಇರೋದು ಎಂಗೆ ಅಂತ ನಾನು ಕಲಿಸ್ತೀನಿ. ಮಿಕ್ಕಿದ್ದು ಇವ್ರು ಏಳ್ತಾರೆ." ಆಮೇಲೆ ನನಗೆ, "ಊಂ, ಸುರು ಮಾಡಿ ಸಾ" ಅಂದು ಕೂತ.

ತಂದಿದ್ದ ಕ್ಷಮೆಯನ್ನು ನುಂಗಿಕೊಂಡು ಶುರು ಮಾಡಿದೆ. ಅರ್ಜಿ ಯಾವಾಗ ಕರೆಯುತ್ತಾರೆ, ಯಾವ ಯಾವ ಪರೀಕ್ಷೆ ಇರುತ್ತದೆ, ವಯಸ್ಸು ಎಷ್ಟರೊಳಗಿರಬೇಕು. ಎಲ್ಲವನ್ನೂ ಮಕ್ಕಳ ಮುಖ, ಅವನ ಮುಖ ನೋಡಿಕೊಂಡೇ ಹೇಳಿದೆ. ವಯಸ್ಸಿನ ಮಾತು ಬಂದಾಗ ಮಾತ್ರ ನಿಂಗರಾಜು ಕೂತಿದ್ದ ಕಡೆ ತಿರುಗಲಾಗಲಿಲ್ಲ.